ಗಡಿಯಾರದ ತಪ್ಪಲ್ಲ

ಜುಲೈ ಹತ್ತೊಂಬತ್ತು, ಬೆಳಿಗ್ಗೆ ಆರು ಗಂಟೆ ನಾಲ್ಕು ನಿಮಿಷ. ಗದಗಿನ ಒಂದು ಮೈದಾನದಲ್ಲಿ, ಬೇವಿನ ಮರದ ಕೆಳಗೆ ಸುಮ್ಮನೆ ಕುಳಿತಿದ್ದ ಫಕ್ಕೀರೇಶ ಹೂಗಾರನ ನಾಡಿ ಹದಿನೈದು ಸೆಕೆಂಡಿನಲ್ಲಿ ಇಪ್ಪತ್ತೊಂಬತ್ತು ಸಲ ಬಡಿಯಿತು. ನಿಮಿಷಕ್ಕೆ ನೂರಾ ಹದಿನಾರು. ಅವನಿಗೆ ಇಪ್ಪತ್ತಾರು ವರ್ಷ. ಆ ದಿನ ಅವನು ಇನ್ನೂ ಒಂದು ಹೆಜ್ಜೆಯನ್ನೂ ಓಡಿರಲಿಲ್ಲ.

ಆರು ಗಂಟೆ ನಾಲ್ಕು ನಿಮಿಷ ಎಂಬುದು ಓಟ ಕಲಿಸುವ ನದಾಫ್ ಸರ್ ತಮ್ಮ ಹಳೆಯ ಗುಂಡಿ ಮೊಬೈಲ್ ನೋಡಿ ಹೇಳಿದ್ದು. ದಿನದ ಗಂಟೆ ನನಗೆ ತಿಳಿಯುವುದಿಲ್ಲ. ಆ ಹದಿನೈದು ಸೆಕೆಂಡು ಮಾತ್ರ ನಾನು ಹೇಳಿದ್ದು. ಅಷ್ಟಕ್ಕೆ ನಾನು ಜವಾಬ್ದಾರ.

ನಾನು ಒಂದು ಸ್ಟಾಪ್‌ವಾಚ್. ಚಾವಿ ಕೊಟ್ಟರೆ ನಡೆಯುವ, ಅಂಗೈ ತುಂಬುವ, ಉಕ್ಕಿನ ಮೈಯ ಹಳೆಯ ನಮೂನೆ. ನನ್ನನ್ನು ಜೋಡಿಸಿದ್ದು 1981ರಲ್ಲಿ, ಉತ್ತರದ ಅಂಬಾಲಾದಲ್ಲಿ. ಕಾಲೇಜುಗಳ ಪ್ರಯೋಗಶಾಲೆಗೆ ಬೇಕಾದ ಸಾಮಾನು ಮಾಡುವ ಒಂದು ಉದ್ದನೆಯ ಕೋಣೆ ಅದು. ದಪ್ಪ ಕನ್ನಡಕದ ಹೆಂಗಸೊಬ್ಬಳು ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು ನನ್ನೊಳಗೆ ಕೂರಿಸಿದಳು. ಕೂರಿಸುವಷ್ಟು ಹೊತ್ತು ಅವಳು ಉಸಿರಾಡಲಿಲ್ಲ. ಆಮೇಲೆ ತಲೆಯ ಗುಂಡಿ ಒತ್ತಿದಳು. ಒಳಗಿನ ಚಕ್ರ ಅತ್ತ ಒಮ್ಮೆ ಇತ್ತ ಒಮ್ಮೆ ತಿರುಗಿತು. ಸೆಕೆಂಡಿಗೆ ಐದು ಬಡಿತ. ಅದೇ ನನ್ನ ಹುಟ್ಟು.

ಕೈಗಡಿಯಾರಗಳು ಹಗಲೂ ರಾತ್ರಿಯೂ ಬದುಕುತ್ತವೆ. ನನ್ನದು ಹಾಗಲ್ಲ. ಒಮ್ಮೆ ಒತ್ತಿದರೆ ಹೊರಡುತ್ತೇನೆ, ಇನ್ನೊಮ್ಮೆ ಒತ್ತಿದರೆ ನಿಲ್ಲುತ್ತೇನೆ, ಮೂರನೆಯ ಸಲಕ್ಕೆ ಮುಳ್ಳು ಸೊನ್ನೆಗೆ ಮರಳುತ್ತದೆ. ಹೊರಗಿನಿಂದ ನೋಡಿದವರಿಗೆ ನಡೆದದ್ದೆಲ್ಲ ಅಳಿದಂತೆ ಕಾಣುತ್ತದೆ.

ನನ್ನ ಮೊದಲ ಮನೆ ಗದಗಿನ ಒಂದು ಕಾಲೇಜಿನ ಭೌತಶಾಸ್ತ್ರ ಪ್ರಯೋಗಶಾಲೆ. ಅಲ್ಲಿ ಹದಿನೇಳು ವರ್ಷ ಲೋಲಕಗಳ ಜೊತೆ ಕಳೆದೆ. ದಾರಕ್ಕೆ ಕಟ್ಟಿದ ಹಿತ್ತಾಳೆಯ ಗುಂಡು ಇಪ್ಪತ್ತು ಸಲ ತೂಗುವುದಕ್ಕೆ ಎಷ್ಟು ಹೊತ್ತು ಬೇಕು ಎಂದು ವಿದ್ಯಾರ್ಥಿಗಳು ಅಳೆಯಬೇಕಿತ್ತು. ಹತ್ತೊಂಬತ್ತಕ್ಕೇ ನಿಲ್ಲಿಸುವವರಿದ್ದರು. ಪಕ್ಕದ ಮೇಜಿನ ಗೆಳತಿಯನ್ನು ನೋಡುತ್ತ ಇಪ್ಪತ್ತೆರಡಕ್ಕೆ ಹೋಗುವವರೂ ಇದ್ದರು. ಉತ್ತರ ಪುಸ್ತಕದ ಅಂಕಿಗೆ ಹೊಂದದಿದ್ದರೆ ಎಲ್ಲರೂ ಹೇಳುವ ಮಾತು ಒಂದೇ: "ಸರ್, ವಾಚ್ ಕೆಟ್ಟೈತ್ರಿ." ಪ್ರಯೋಗಶಾಲೆಯ ಮಾಸ್ತರು ನನ್ನನ್ನು ಕಿವಿಗಿಟ್ಟುಕೊಂಡು ಕೇಳುತ್ತಿದ್ದರು. "ಕೆಟ್ಟಿಲ್ಲ. ಇನ್ನೊಮ್ಮೆ ಎಣಸ್ರಿ," ಎಂದು ವಾಪಸ್ ಕೊಡುತ್ತಿದ್ದರು.

ಬೇಡದ ಉತ್ತರ ಬಂದಾಗ ಜನ ಮೊದಲು ಗಡಿಯಾರವನ್ನು ಸಂಶಯಿಸುತ್ತಾರೆ ಎಂಬುದನ್ನು ನಾನು ಅಲ್ಲಿ ಕಲಿತೆ.

ಬ್ಯಾಟರಿಯ ಗಡಿಯಾರಗಳು ಬಂದ ಮೇಲೆ ನನ್ನನ್ನು ಅದೇ ಕಾಲೇಜಿನ ಆಟದ ಕೋಣೆಗೆ ಕಳಿಸಿದರು. ದೈಹಿಕ ಶಿಕ್ಷಣದ ಸಂಕನೂರ ಮಾಸ್ತರು ವರ್ಷಕ್ಕೊಮ್ಮೆ, ಕ್ರೀಡಾಕೂಟದ ದಿನ, ನನ್ನನ್ನು ಹೊರತೆಗೆಯುತ್ತಿದ್ದರು. ಉಳಿದ ದಿನಗಳಲ್ಲಿ ಗಾಳಿ ಹೋದ ವಾಲಿಬಾಲುಗಳ ನಡುವೆ ಕಪಾಟಿನಲ್ಲಿರುತ್ತಿದ್ದೆ. ನಿವೃತ್ತಿಯ ದಿನ ಅವರು ನನ್ನನ್ನು ತಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಕೈಗಿತ್ತರು. ಸೈನ್ಯದಲ್ಲಿ ಹದಿನೇಳು ವರ್ಷ ಕಳೆದು, ಹವಾಲ್ದಾರನಾಗಿ ಆಗಷ್ಟೇ ಊರಿಗೆ ಮರಳಿದ್ದ ಇಮಾಮಸಾಬ ನದಾಫ ಅವರು. ಹುಡುಗರು ಅವರನ್ನು ನದಾಫ್ ಸರ್ ಎನ್ನುತ್ತಾರೆ.

ನದಾಫ್ ಸರ್ ಬೆಳಿಗ್ಗೆ ಮೈದಾನದಲ್ಲಿ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಯ ಅಭ್ಯರ್ಥಿಗಳಿಗೆ ಓಟ ಕಲಿಸುತ್ತಿದ್ದರು. ಸಾವಿರದಾರುನೂರು ಮೀಟರನ್ನು ಆರು ನಿಮಿಷ ಮೂವತ್ತು ಸೆಕೆಂಡಿನೊಳಗೆ ಓಡಬೇಕು. ಸುಣ್ಣದ ಗೆರೆ ಎಳೆದ ನಾನೂರು ಮೀಟರಿನ ಹಾದಿಯಲ್ಲಿ ನಾಲ್ಕು ಸುತ್ತು. ನಾನು ಸರ್ ಅವರ ಎದೆಯ ಮೇಲೆ ಕಪ್ಪು ದಾರದಲ್ಲಿ ನೇತಾಡುತ್ತಿದ್ದೆ. ಕೆಳಗಿನಿಂದ ನನಗೆ ಕಾಣುತ್ತಿದ್ದದ್ದು ನುಣ್ಣಗೆ ಬೋಳಿಸಿದ ಅವರ ಗದ್ದ, ಬಾಯಲ್ಲಿ ಕಚ್ಚಿದ ಸೀಟಿ. ಅಂಗಿಯ ಆಚೆಯಿಂದ ಅವರ ಎದೆಬಡಿತ ಕೇಳುತ್ತಿತ್ತು. ನಿಧಾನದ, ಸಮ ಅಂತರದ ಬಡಿತ ಅದು.

ಅವರಿಗೆ ಒಂದು ಪದ್ಧತಿ ಇತ್ತು. ಓಡುವ ಮೊದಲು ಎಲ್ಲರೂ ಬೇವಿನ ಮರದ ಕೆಳಗೆ ಐದು ನಿಮಿಷ ಮಾತಿಲ್ಲದೆ ಕೂರಬೇಕು. ಸರ್ ಒಬ್ಬೊಬ್ಬರ ಮಣಿಕಟ್ಟು ಹಿಡಿದು, ನನ್ನನ್ನು ಒತ್ತಿ, ಹದಿನೈದು ಸೆಕೆಂಡು ಎಣಿಸುತ್ತಿದ್ದರು. ಅದನ್ನು 'ಕುಂತ ನಾಡಿ' ಎನ್ನುತ್ತಿದ್ದರು. ಸೈನ್ಯದ ಡಾಕ್ಟರೊಬ್ಬರು ಕಲಿಸಿದ್ದಂತೆ. ಅಂಕಿಯನ್ನು ಗಟ್ಟಿಯಾಗಿ ಕೂಗುತ್ತಿದ್ದರು. ಕಡಿಮೆ ಬಂದವನು ಎದೆ ಸೆಟೆಸುತ್ತಿದ್ದ. ಇನ್ನೊಂದು ನಿಯಮ: ಮೈದಾನದಲ್ಲಿ ಮೊಬೈಲ್ ಇಲ್ಲ. ಎಲ್ಲರ ಮೊಬೈಲುಗಳೂ ಒಂದು ಚೀಲದಲ್ಲಿ ಬೇವಿನ ಟೊಂಗೆಗೆ ತೂಗುತ್ತಿದ್ದವು.

ಆ ವರ್ಷದ ಇಪ್ಪತ್ತೆರಡು ಮಂದಿಯಲ್ಲಿ ಎಲ್ಲರಿಗಿಂತ ಕಡಿಮೆ ಕುಂತ ನಾಡಿ ಫಕ್ಕೀರೇಶನದು. ಹದಿನಾಲ್ಕು. ನಿಮಿಷಕ್ಕೆ ಐವತ್ತಾರು. ಅವನ ಮನೆಯವರು ಹೂವಿನ ವ್ಯಾಪಾರದವರು. ನಸುಕಿನಲ್ಲೇ ಸೈಕಲ್ ಮೇಲೆ ಊರಿನ ಗುಡಿಗಳಿಗೆ ಮಾಲೆ ಮುಟ್ಟಿಸಿ ಅವನು ಮೈದಾನಕ್ಕೆ ಬರುತ್ತಿದ್ದ. ಅವನ ಬೆರಳುಗಳಿಗೆ ಸೇವಂತಿಗೆಯ ವಾಸನೆ ಇರುತ್ತಿತ್ತು. ನಾಲ್ಕು ಸುತ್ತಿಗೆ ಅವನ ಒಳ್ಳೆಯ ಸಮಯ ಐದು ನಿಮಿಷ ಮೂವತ್ತೊಂದು ಸೆಕೆಂಡು. ಅಳೆದದ್ದು ನಾನೇ.

ಲಿಖಿತ ಪರೀಕ್ಷೆಯಲ್ಲಿ ಅವನು ಹಿಂದಿನ ಎರಡು ಸಲ ಸ್ವಲ್ಪದರಲ್ಲಿ ತಪ್ಪಿದ್ದ. ಈ ಸಲ ಪಾಸಾಗಿದ್ದ. ಜುಲೈ ಇಪ್ಪತ್ತೆಂಟಕ್ಕೆ ದೇಹದಾರ್ಢ್ಯ ಪರೀಕ್ಷೆಯ ಕರೆಪತ್ರ ಬಂದಿತ್ತು. ಮುಂದಿನ ನೇಮಕಾತಿಯ ಹೊತ್ತಿಗೆ ಅವನ ವಯಸ್ಸು ಮಿತಿ ದಾಟುತ್ತದೆ. ಹಾಗಾಗಿ ಅವನಿಗೆ ಉಳಿದದ್ದು ಅದೊಂದೇ ದಿನ. ಇದು ಮೈದಾನದಲ್ಲಿ ಎಲ್ಲರಿಗೂ ಗೊತ್ತಿತ್ತು.

ಜುಲೈ ಮೊದಲ ವಾರ ಊರಿನಲ್ಲಿ ಜ್ವರ ಹಬ್ಬಿತ್ತು. ಗಂಟಲು ನೋವು, ಕೆಮ್ಮು, ಮೈಕೈ ನೋವು. ಇಪ್ಪತ್ತೆರಡರಲ್ಲಿ ಹನ್ನೊಂದು ಮಂದಿ ಕೆಮ್ಮುತ್ತಿದ್ದರು. ಜುಲೈ ನಾಲ್ಕರಂದು ಫಕ್ಕೀರೇಶ ಮಂಡಿಯ ಮೇಲೆ ಕೈಯೂರಿ ನಿಂತ.

"ಸರ್, ಮೈ ಬಿಸಿ ಐತ್ರಿ."

"ಛಲೋನ ಆತು. ವಾರ್ಮಪ್ ಉಳೀತು," ಎಂದ ಮೈಲಾರಿ. ಫಕ್ಕೀರೇಶನ ಗೆಳೆಯ ಅವನು, ಜೊತೆಯಲ್ಲೇ ಕರೆಪತ್ರ ಪಡೆದವನು. ಎಲ್ಲರೂ ನಕ್ಕರು. ಫಕ್ಕೀರೇಶನೂ ನಕ್ಕ.

ನದಾಫ್ ಸರ್ ಅವನ ಹಣೆ ಮುಟ್ಟಿ ನೋಡಿದರು. "ಇಷ್ಟಕ್ಕ ಅಂಜತಿಯೇನಲೇ? ನಾ ಪಟಿಯಾಲಾದಾಗ ನೂರಾ ಎರಡು ಜ್ವರದಾಗ ಐದು ಕಿಲೋಮೀಟರ್ ಓಡೇನಿ. ಬೆವರು ಬಿಟ್ರ ಜ್ವರ ತಾನ ಇಳೀತೈತಿ. ಹಗೂರಕ ನಾಲ್ಕು ಸುತ್ತು ಹಾಕು."

ಅವನು ಹಾಕಿದ. ಮರುದಿನವೂ ಬಂದು ಹಾಕಿದ. ಆಮೇಲೆ ಎರಡು ದಿನ ಹಾಸಿಗೆಯಿಂದ ಏಳಲಿಲ್ಲ. ಎಂಟರಂದು ಜ್ವರ ಬಿಟ್ಟಿತ್ತು, ಮೈದಾನಕ್ಕೆ ಬಂದ. "ಆರಾಮ ಆದ್ನಿ ನೋಡ್ರಿ ಸರ್," ಎಂದ. ಸರ್ ಉಳಿದವರ ಕಡೆ ತಿರುಗಿ, "ನೋಡಿದ್ರಿಲ್ಲೋ?" ಎಂದರು.

ಅಂದಿನ ಕುಂತ ನಾಡಿ ಹದಿನೇಳು. ಹನ್ನೆರಡರಂದು ಇಪ್ಪತ್ತು, ಓಟ ಆರು ನಿಮಿಷ ಎರಡು ಸೆಕೆಂಡು. ಹದಿನಾರರಂದು ಇಪ್ಪತ್ತನಾಲ್ಕು, ಓಟ ಆರು ನಿಮಿಷ ಹತ್ತೊಂಬತ್ತು ಸೆಕೆಂಡು. ನಾನು ಮುಳ್ಳನ್ನು ನಿಲ್ಲಿಸಿ ತೋರಿಸಿದ್ದಷ್ಟೇ. ಅದರಾಚೆ ಹೇಳುವುದಕ್ಕೆ ನನಗೆ ಬಾಯಿಲ್ಲ.

"ಪರೀಕ್ಷಾ ಸನಿ ಬಂತಂದ್ರ ಎಲ್ಲಾರ ನಾಡೀನೂ ಹಿಂಗ. ಅಂಜಿಕಿ ಇದು," ಎಂದರು ಸರ್.

ಕೆಮ್ಮಿದ ಉಳಿದವರ ಓಟವೂ ಐದು ಹತ್ತು ಸೆಕೆಂಡು ಹಿಂದೆ ಬಿದ್ದಿತ್ತು. ಹೀಗಾಗಿ ಫಕ್ಕೀರೇಶನದು ಗುಂಪಿನಲ್ಲಿ ಮುಚ್ಚಿಹೋಯಿತು. ಜೊತೆಗೆ, ಜುಲೈ ಹದಿನಾಲ್ಕರಂದು ನನ್ನ ದಾರ ಹರಿದು, ನಾನು ಗುಂಡೆಸೆತದ ಕಬ್ಬಿಣದ ಗುಂಡಿನ ಮೇಲೆ ಬಿದ್ದಿದ್ದೆ. ಗಾಜು ಬಿರುಕು ಬಿಟ್ಟಿತ್ತು. ಇದೂ ಎಲ್ಲರಿಗೂ ಗೊತ್ತಿತ್ತು.

ಫಕ್ಕೀರೇಶ ಓಟ ಮುಗಿಸಿ ಎಡಗೈಯಿಂದ ಎದೆಯ ನಡುವೆ ಒತ್ತಿಕೊಳ್ಳುವುದನ್ನು ನಾನು ಎರಡು ಸಲ ಕಂಡೆ. ಸರ್ ಒಮ್ಮೆ ಕಂಡರು.

"ಏನಲೇ ಅದು?"

"ಗ್ಯಾಸ್ರಿ ಸರ್. ನಿನ್ನಿ ಮಿರ್ಚಿ ತಿಂದಿದ್ನಿ."

"ಬಾಯಿ ಕಟ್ಟಪಾ ಒಂದ್ ಹದಿನೈದ್ ದಿವಸ."

ಹದಿನೆಂಟರಂದು ಅವನು ನಾಲ್ಕು ಸುತ್ತಿಗೆ ಆರು ನಿಮಿಷ ನಲವತ್ನಾಲ್ಕು ಸೆಕೆಂಡು ತೆಗೆದುಕೊಂಡ. ಪರೀಕ್ಷೆಯಾಗಿದ್ದರೆ ಹದಿನಾಲ್ಕು ಸೆಕೆಂಡಿನಿಂದ ಫೇಲು. ಮರುದಿನ, ನಾನು ಮೊದಲು ಹೇಳಿದ ಬೆಳಿಗ್ಗೆ, ಕುಂತ ನಾಡಿ ಇಪ್ಪತ್ತೊಂಬತ್ತು ಬಂತು. ಸರ್ ಅಂಕಿಯನ್ನು ಕೂಗಲಿಲ್ಲ. ಇನ್ನೊಮ್ಮೆ ಒತ್ತಿ ಎಣಿಸಿದರು. ಮತ್ತೆ ಇಪ್ಪತ್ತೊಂಬತ್ತು. ಅವರು ನನ್ನ ಬಿರುಕು ಬಿಟ್ಟ ಗಾಜನ್ನು ನೋಡಿದರು.

ಫಕ್ಕೀರೇಶ ಅದನ್ನು ಗಮನಿಸಿದ. "ವಾಚ್ ಬಿದ್ದಿತ್ತಲ್ರಿ ಸರ್," ಎಂದ. "ಅದಕ್ಕ ಏನರ ಆಗಿರಬೇಕ್ರಿ. ನನಗ ಏನೂ ಆಗಿಲ್ಲ."

"ನನ್ನ ಮೊಬೈಲ್‌ನಾಗ ನೋಡ್ಲೇನ್ರಿ ಸರ್?" ಎಂದು ಮೈಲಾರಿ ಚೀಲದ ಕಡೆ ಕೈ ಚಾಚಿದ.

"ಕೈ ಮುರೀತೀನಿ. ಇಳಸು." ಸರ್ ಎದ್ದು ನಿಂತರು. "ಈ ಮುದುಕಗ ಪೆಟ್ಟ ಬಿದ್ದೈತಿ. ಇವತ್ತ ಮುಂಜಾನಿ ಓಟ ಇಲ್ಲ. ಅರ್ಕಸಾಲಿ ಕಡೆ ತೋರಿಸ್ಕೊಂಡು ಬರತೀನಿ. ಸಂಜಿ ನಾಲ್ಕಕ್ಕ ಎಲ್ಲಾರೂ ಬರ್ರಿ. ಸರಿ ವಾಚಿನ ಮ್ಯಾಲೆ ಪೂರಾ ನಾಲ್ಕು ಸುತ್ತಿನ ಟ್ರಯಲ್."

ಹೀಗೆ ಆ ದಿನ ರಿಪೇರಿಗೆ ಹೋದವನು ನಾನು.

ವಿಠ್ಠಲಪ್ಪ ಅರ್ಕಸಾಲಿ ಬೆಟಗೇರಿ ರಸ್ತೆಯ ಗಡಿಯಾರದಂಗಡಿಯವರು. ಸರ್ ಬೆಳಿಗ್ಗೆ ನನ್ನನ್ನು ಕೊಟ್ಟುಹೋಗಿ ಮಧ್ಯಾಹ್ನ ಮೂರೂ ಮುಕ್ಕಾಲಿಗೆ ಬಂದರು. ಅಷ್ಟರಲ್ಲಿ ಅರ್ಕಸಾಲಿಯವರು ಹೊಸ ಗಾಜು ಕೂರಿಸಿದ್ದರು. ಅವರ ಬಳಿ ಗಡಿಯಾರದ ಬಡಿತ ಕೇಳುವ ಒಂದು ಹಳೆಯ ಯಂತ್ರ ಇದೆ. ಗಡಿಯಾರವನ್ನು ಅದರ ತೊಟ್ಟಿಲಲ್ಲಿ ಮಲಗಿಸಿದರೆ ಒಂದೊಂದು ಬಡಿತಕ್ಕೆ ಒಂದೊಂದು ಚುಕ್ಕೆಯನ್ನು ಕಾಗದದ ಪಟ್ಟಿಯ ಮೇಲೆ ಹಾಕುತ್ತದೆ. ಚುಕ್ಕೆಗಳ ಸಾಲು ಓರೆಯಾದರೆ ಗಡಿಯಾರದಲ್ಲಿ ದೋಷ. ನನ್ನ ಪಟ್ಟಿಯನ್ನು ಅವರು ಸರ್ ಮುಂದೆ ಹರಡಿದರು.

"ಏನೂ ಆಗಿಲ್ಲ ಹವಾಲ್ದಾರ್ರ. ದಿನಕ್ಕ ಹನ್ನೆರಡು ಸೆಕೆಂಡ್ ಮುಂದ ಹೋಗತೈತಿ. ನಿಮ್ಮ ಆರು ನಿಮಿಷಕ್ಕ ಲೆಕ್ಕ ಹಾಕಿದ್ರ ಒಂದು ಸೆಕೆಂಡಿನಾಗ ಇಪ್ಪತ್ತನೇ ಒಂದು ಪಾಲು. ನಮ್ಮಿಬ್ಬರಕಿಂತ ಗಟ್ಟಿ ಐತಿ."

"ಇಲ್ರಿ ಅಣ್ಣಾರ, ಇನ್ನೊಮ್ಮೆ ನೋಡ್ರಿ. ನಮ್ಮ ಹುಡುಗಂದು ಓಟದ ಟೈಮ್ ಒಂದು ನಿಮಿಷದ ಮ್ಯಾಲೆ ಜಾಸ್ತಿ ತೋರಸಾಕತ್ತೈತಿ. ಕುಂತ ನಾಡಿ ಹದಿನಾಲ್ಕು ಇದ್ದದ್ದು ಇಪ್ಪತ್ತೊಂಬತ್ತು."

ಅರ್ಕಸಾಲಿಯವರು ಒಂದು ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆದರು. "ಎರಡೂ ಜಾಸ್ತಿ ಏನ್ರಿ?"

"ಎರಡೂ."

"ಹಂಗಾರ ಕೇಳ್ರಿ. ಗಡಿಯಾರ ಮುಂದ ಓಡತೈತಿ ಅನ್ರಿ. ಓಟದ ಟೈಮ್ ಜಾಸ್ತಿ ಬರತೈತಿ, ಖರೆ. ಆದ್ರ ನಾಡಿ ಎಣಸೂ ಹದಿನೈದು ಸೆಕೆಂಡ್ ಲಗೂನ ಮುಗೀತೈತಿ, ನಾಡಿ ಕಡಿಮಿ ಬರಬೇಕು. ಗಡಿಯಾರ ಹಿಂದ ಬಿದ್ರ ನಾಡಿ ಜಾಸ್ತಿ, ಓಟ ಕಡಿಮಿ. ಒಂದು ಗಡಿಯಾರ ಎರಡನ್ನೂ ಜಾಸ್ತಿ ಮಾಡಾಕ ಬರೂದಿಲ್ಲ." ಅವರು ನನ್ನನ್ನು ಸರ್ ಅಂಗೈಯಲ್ಲಿಟ್ಟರು. "ಇದರ ತಪ್ಪಲ್ಲ ಹವಾಲ್ದಾರ್ರ. ಆ ಹುಡುಗನ್ನ ಡಾಕ್ಟರ್ ಕಡೆ ತೋರಸ್ರಿ."

ನನ್ನ ಮೇಲಿನ ಆರೋಪ ಬಿದ್ದುಹೋಯಿತು. ಸಂತೋಷಪಡಬೇಕಾದ ಸುದ್ದಿ. ಆದರೆ ದಾರದಲ್ಲಿ ಮತ್ತೆ ಎದೆಗೆ ಬಿದ್ದಾಗ, ಹದಿನೈದು ವರ್ಷಗಳಿಂದ ಕೇಳಿದ್ದ ನದಾಫ್ ಸರ್ ಅವರ ಬಡಿತ ಮೊದಲ ಬಾರಿಗೆ ದಡದಡ ಎನ್ನುತ್ತಿತ್ತು. ಅವರು ಬೈಕು ಹೊರಡಿಸಿದರು. ಮೈದಾನ ಅಲ್ಲಿಗೆ ಎರಡು ಕಿಲೋಮೀಟರು.

ನಾವು ಗೇಟು ದಾಟಿದಾಗ ನಾಲ್ಕು ಗಂಟೆ ಏಳು ನಿಮಿಷವಂತೆ. ಟ್ರಯಲ್ ಶುರುವಾಗಿತ್ತು. ಸರ್ ತಡವಾದರೆಂದು ಮೈಲಾರಿ ಚೀಲದಿಂದ ಮೊಬೈಲ್ ತೆಗೆದು ತಾನೇ ಸೀಟಿ ಊದಿದ್ದ. ಫಕ್ಕೀರೇಶ ಮೂರನೇ ಸುತ್ತಿನ ಕೊನೆಯ ತಿರುವಿನಲ್ಲಿದ್ದ. ಅವನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ತುಟಿ ನೀಲಿ.

"ನಿಲ್ಲಲೇ! ಫಕ್ಕೀರ್ಯಾ, ನಿಲ್ಲು!"

ಅವನು ನಿಲ್ಲಲಿಲ್ಲ. ಸರ್ ಬೈಕನ್ನು ಹಾಗೇ ಕೆಡವಿ, ಹಾದಿಗೆ ಅಡ್ಡ ಬಂದು, ಎರಡೂ ಕೈ ಚಾಚಿ ನಿಂತರು. ಅವನು ಬಂದು ಅವರ ಎದೆಗೆ ಬಿದ್ದ. ನಾನು ಇಬ್ಬರ ನಡುವೆ ಸಿಕ್ಕಿಕೊಂಡೆ.

"ಬಿಡ್ರಿ ಸರ್... ಒಂದ್ ಸುತ್ತ ಉಳದೈತಿ..."

"ಕುಂಡ್ರು."

"ಟೈಮ್ ಛಲೋ ಐತ್ರಿ... ಕೇಳ್ರಿ ಮೈಲಾರೀನ..."

ಸರ್ ಅವನನ್ನು ನೆಲಕ್ಕೆ ಕೂರಿಸಿ, ಮಣಿಕಟ್ಟು ಹಿಡಿದು ನನ್ನನ್ನು ಒತ್ತಿದರು. ನಾನು ಹದಿನೈದು ಸೆಕೆಂಡು ಸರಿಯಾಗಿ ನಡೆದೆ. ಅವರ ಬಾಯಲ್ಲಿ ಅಂಕಿ ಬರಲಿಲ್ಲ. ಆ ಬಡಿತ ಓಡುತ್ತಿತ್ತು, ತಟ್ಟನೆ ತಡೆಯುತ್ತಿತ್ತು, ಎರಡು ಒಟ್ಟಿಗೆ ಬರುತ್ತಿದ್ದವು, ಒಂದು ಬರುತ್ತಲೇ ಇರಲಿಲ್ಲ. ನನ್ನ ಬದುಕಿನಲ್ಲಿ ಎಣಿಸಲಾಗದ ನಾಡಿ ಅದೊಂದೇ.

ಆಸ್ಪತ್ರೆಗೆ ಆಟೋದಲ್ಲಿ ಹನ್ನೊಂದು ನಿಮಿಷ ಹಿಡಿಯಿತು. ಸರ್ ನನ್ನನ್ನು ನಿಲ್ಲಿಸುವುದನ್ನು ಮರೆತಿದ್ದರಿಂದ ಇದನ್ನು ಖಚಿತವಾಗಿ ಹೇಳಬಲ್ಲೆ. ಅಲ್ಲಿ ಅವನ ಎದೆಗೆ ತಂತಿಗಳನ್ನು ಅಂಟಿಸಿದರು. ಯಂತ್ರದಿಂದ ಕಾಗದದ ಪಟ್ಟಿ ಹೊರಬಂತು. ಅದೇ ಮಧ್ಯಾಹ್ನ ನನ್ನದೂ ಒಂದು ಪಟ್ಟಿ ಬಂದಿತ್ತು. ನನ್ನದರಲ್ಲಿ ಚುಕ್ಕೆಗಳ ನಡುವಿನ ಅಂತರ ಒಂದೇ ಇತ್ತು. ಅವನದರಲ್ಲಿ ಇರಲಿಲ್ಲ.

ರಕ್ತ ಪರೀಕ್ಷೆಯಾಯಿತು. ಹೃದಯದ ಎಕೋ ಸ್ಕ್ಯಾನ್ ಆಯಿತು. ಡಾಕ್ಟರ್ ಗೀತಾಂಜಲಿ ಮುಳಗುಂದ ಎಂಬುವರು ಹೊರಗೆ ಬಂದು, ಗೋಡೆಗೆ ಒರಗಿದ್ದ ನದಾಫ್ ಸರ್‌ಗೂ, ಹೂಕಟ್ಟುವ ದಾರ ಸೊಂಟದಲ್ಲಿ ಹಾಗೇ ಇದ್ದ ಫಕ್ಕೀರೇಶನ ತಾಯಿ ಹನಮವ್ವನಿಗೂ ಹೇಳಿದರು.

"ಜ್ವರ ತಂದ ವೈರಸ್ಸು ಕೆಲವರಲ್ಲಿ ಹೃದಯದ ಸ್ನಾಯುವಿನ ತನಕ ಹೋಗತೈತಿ. ಸ್ನಾಯುವಿಗೆ ಬಾವು ಬರತೈತಿ. ಗಟ್ಟಿಮುಟ್ಟಾದ ಹರೆಯದವರಿಗೂ ಬರತೈತಿ. ಒಂದೊಂದು ಬಡಿತಕ್ಕ ಹೃದಯ ಹೊರಗ ದೂಡೋ ರಕ್ತ ನೂರಕ್ಕ ಅರವತ್ತರ ಆಜೂಬಾಜು ಇರಬೇಕು. ಇವರದು ಮೂವತ್ತೆಂಟು ಐತಿ."

"ಉಳೀತಾನೇನ್ರಿ ಯವ್ವಾ?" ಎಂದರು ಹನಮವ್ವ.

"ಬಾಳ ಮಂದಿ ಆರಾಮ ಆಗತಾರ್ರಿ. ಆದ್ರ ಈ ಎರಡು ಮೂರು ದಿನ ನಾ ಏನೂ ಮಾತು ಕೊಡೂದಿಲ್ಲ. ಆಮ್ಯಾಲೆ ಕಮ್ಮೀತ ಕಮ್ಮಿ ಆರು ತಿಂಗಳು ಓಟ ಅನ್ನೂದು ಇಲ್ಲ."

ಸರ್ ಗೋಡೆ ಬಿಟ್ಟು ಮುಂದೆ ಬಂದರು. "ಜ್ವರದಾಗ ಓಡಿದ್ದಕ್ಕ ಬಂತೇನ್ರಿ ಡಾಕ್ಟರ್?"

"ಓಡಿದ್ದಕ್ಕ ಬಂತು ಅಂತ ಹೇಳಾಕ ಬರೂದಿಲ್ಲ. ಓಡದಿದ್ರೂ ಬರತಿತ್ತೋ ಏನೋ. ಬಾವು ಇದ್ದಾಗ ಓಡಿದ್ರ ಬಡಿತದ ಲಯ ತಪ್ಪಿ ಹೃದಯ ನಿಂತ ಬಿಡಬಹುದು. ಅದು ಖಾತ್ರಿ. ಇವತ್ತ ಇನ್ನೊಂದು ಸುತ್ತ ಓಡಿದ್ರ ಏನಾಗತಿತ್ತು ಅಂತ ನನ್ನ ಕೇಳಬ್ಯಾಡ್ರಿ."

ಅವರು ಒಳಗೆ ಹೋದ ಮೇಲೆ ಹನಮವ್ವ ಸರ್ ಕಡೆ ತಿರುಗಿದರು. ದನಿ ಏರಿಸಲಿಲ್ಲ.

"ಜ್ವರ ಬಂದಾಗ ನಾ ಮನಿಯಾಗ ಮಲಗು ಅಂದ್ನಿರಿ. ಸರ್ ಓಡು ಅಂದಾರ ಅಂತ ಎದ್ದು ಬಂದ."

"ಹೌದ್ರಿ ಅವ್ವಾರ. ನಾನ ಹೇಳಿದ್ದು."

ಅಷ್ಟೇ. ಕ್ಷಮಿಸಿ ಎಂದು ಅವರು ಕೇಳಲಿಲ್ಲ. ಅಡ್ಡಿಯಿಲ್ಲ ಎಂದು ಆಕೆ ಅನ್ನಲಿಲ್ಲ. ಇಬ್ಬರೂ ಒಂದೇ ಬೆಂಚಿನ ಎರಡು ತುದಿಯಲ್ಲಿ ಕುಳಿತರು.

ನಾಲ್ಕನೆಯ ದಿನಕ್ಕೆ ಬಡಿತ ಒಂದು ಹದಕ್ಕೆ ಬಂತು. ಆರನೆಯ ದಿನ ಫಕ್ಕೀರೇಶ ದಿಂಬಿಗೆ ಒರಗಿ ಕುಳಿತು ಗಂಜಿ ಕುಡಿದ. ಎಂಟನೆಯ ದಿನ, ಜುಲೈ ಇಪ್ಪತ್ತಾರು, ಮೈಲಾರಿ ಮೈದಾನಕ್ಕೆ ಬಂದವನು ಓಡದೆ ಸರ್ ಮುಂದೆ ನಿಂತ.

"ಸರ್, ಅಂವಾ ಬೂಟು ತರಸ್ಕೊಂಡಾನ್ರಿ. ನಾನ ಒಯ್ದು ಕೊಟ್ನಿ. ಇಪ್ಪತ್ತೆಂಟಕ್ಕ ನಸುಕಿನ್ಯಾಗ ಆಸ್ಪತ್ರಿಯಿಂದ ಎದ್ದು ಬರತೀನಿ, ಆಟೋ ಹಿಡಕೊಂಡು ನಿಂದ್ರು ಅಂದಾನ್ರಿ. ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕ್ಯಾನ್ರಿ."

"ಮತ್ತ ಯಾಕ ಹೇಳಿದ್ಯೋ?"

ಮೈಲಾರಿ ಅಳುತ್ತಿದ್ದ.

ಆ 'ಯಾರಿಗೂ' ಎಂಬುದರಲ್ಲಿ ಸರ್ ಕೂಡ ಇದ್ದರು. ಅವರು ಆಸ್ಪತ್ರೆಗೆ ಹೋಗಿ ಅವನ ಹಾಸಿಗೆಯ ಪಕ್ಕ ನಿಂತರು. ನಾನು ಫಕ್ಕೀರೇಶನ ಮುಖದ ಮಟ್ಟಕ್ಕೆ ತೂಗುತ್ತಿದ್ದೆ.

"ಕರೆಪತ್ರ ಕೊಡು."

"ಯಾತಕ್ರಿ?"

"ಕೊಡು."

"ಕೊಡೂದಿಲ್ರಿ." ಅವನ ದನಿ ಇನ್ನೂ ಸಣ್ಣಗಿತ್ತು. "ಆರು ನಿಮಿಷ ಮೂವತ್ತು ಸೆಕೆಂಡ್ರಿ ಸರ್. ಅಷ್ಟ ಸಾಕು. ಆಮ್ಯಾಲೆ ಬಂದು ಆರು ತಿಂಗಳಲ್ಲ, ವರ್ಷ ಮಲಗತೀನಿ. ಈಗ ಬಿಟ್ರ ನನಗ ವಯಸ್ಸು ಮೀರತೈತಿ. ನಿಮಗ ಗೊತ್ತೈತಿ."

"ಗೊತ್ತೈತಿ."

"ಅಂದ್ರ ಮುಗೀತೇನ್ರಿ ನಂದು?"

"ಹೌದು. ಪೊಲೀಸ್ ಕೆಲಸ ಮುಗೀತು."

ಸುಳ್ಳು ಸಮಾಧಾನ ಹೇಳುವುದು ಅವರಿಗೆ ಬರುತ್ತಿರಲಿಲ್ಲ. ಫಕ್ಕೀರೇಶ ಅವರನ್ನೇ ದಿಟ್ಟಿಸಿದ. "ಜ್ವರದಾಗ ಓಡು ಅಂದವ್ರು ನೀವು," ಎಂದ. "ಈಗ ಓಡಬ್ಯಾಡ ಅನ್ನಾವ್ರೂ ನೀವ."

ಆಗ ಹನಮವ್ವ ಮೂಲೆಯಿಂದ ಎದ್ದು ಬಂದು, ಮಗನ ದಿಂಬಿನ ಕೆಳಗೆ ಕೈಹಾಕಿ, ಕರೆಪತ್ರವನ್ನೂ ಗುರುತಿನ ಚೀಟಿಯನ್ನೂ ತೆಗೆದು ಸರ್ ಕೈಗೆ ಕೊಟ್ಟರು. ಬೂಟುಗಳನ್ನು ತಮ್ಮ ಸೆರಗಿನಲ್ಲಿ ಕಟ್ಟಿಕೊಂಡರು. ಫಕ್ಕೀರೇಶ ಗೋಡೆಯ ಕಡೆ ಹೊರಳಿ ಮಲಗಿದ.

ಜುಲೈ ಇಪ್ಪತ್ತೆಂಟರಂದು ನದಾಫ್ ಸರ್ ಪರೀಕ್ಷಾ ಮೈದಾನದ ತಂತಿಬೇಲಿಯ ಹೊರಗೆ ನಿಂತಿದ್ದರು. ಕರೆಪತ್ರ ಅವರ ಜೇಬಿನಲ್ಲಿತ್ತು, ನಾನು ಅದರ ಮೇಲೆ. ಮೈಕಿನಲ್ಲಿ ಹೆಸರುಗಳನ್ನು ಕರೆಯುತ್ತಿದ್ದರು. "ಫಕ್ಕೀರೇಶ ಹೂಗಾರ" ಎಂದು ಮೂರು ಸಲ ಕೂಗಿದರು. ಮೊದಲನೆಯ ಕೂಗಿಗೂ ಮೂರನೆಯ ಕೂಗಿಗೂ ನಡುವೆ ನಲವತ್ತೊಂದು ಸೆಕೆಂಡು. ಸರ್ ನನ್ನನ್ನು ಯಾಕೆ ಒತ್ತಿದರೋ ಗೊತ್ತಿಲ್ಲ, ಆದರೆ ಒತ್ತಿದ್ದರು. ಆಮೇಲೆ "ಗೈರು" ಎಂದರು. ಮೈಲಾರಿಯ ತಂಡ ಹೊರಟಿತು. ಅವನು ಆರು ನಿಮಿಷ ಹನ್ನೆರಡು ಸೆಕೆಂಡಿನಲ್ಲಿ ಮುಗಿಸಿದ.

ಆಗಸ್ಟಿನಿಂದ ಸರ್ ಹೊಸ ನಿಯಮ ತಂದರು. ಜ್ವರ ಬಂದವನು ಮೈದಾನಕ್ಕೆ ಬರಕೂಡದು. ಜ್ವರ ಬಿಟ್ಟ ಮೇಲೂ ಎರಡು ವಾರ ಓಟವಿಲ್ಲ. ಎದೆ ಒತ್ತಿದಂತಾದರೆ, ಏದುಸಿರು ಬಂದರೆ, ಕುಂತ ನಾಡಿ ಏರಿದರೆ ಮೊದಲು ಡಾಕ್ಟರು. ನಾಲ್ಕು ಮಂದಿ ಬೇರೆ ಮೈದಾನಕ್ಕೆ ಹೊರಟುಹೋದರು. "ಹವಾಲ್ದಾರ ಅಂಜಬುರಕ ಆಗ್ಯಾನ," ಎಂದು ಅವರು ಆಡಿಕೊಂಡದ್ದು ನಮ್ಮ ಬೇವಿನ ಮರದ ತನಕ ಬಂತು. ಸರ್ ಕೇಳಿಸಿಕೊಂಡರು. ನಿಯಮ ಬದಲಿಸಲಿಲ್ಲ. ಪಟಿಯಾಲಾದ ಕಥೆಯನ್ನು ಮತ್ತೆ ಹೇಳಲಿಲ್ಲ.

ಫಕ್ಕೀರೇಶ ಆಸ್ಪತ್ರೆಯಿಂದ ಮನೆಗೆ ಹೋದ. ಸರ್ ಅವನನ್ನು ನೋಡಲು ಮೂರು ಸಲ ಹೋದರು. ಮೂರು ಸಲವೂ ಹನಮವ್ವ ಚಹಾ ಕೊಟ್ಟರು. ಅವನು ಒಳಗಿನ ಕೋಣೆಯಿಂದ ಹೊರಗೆ ಬರಲಿಲ್ಲ. ಜನವರಿಯ ಎಕೋದಲ್ಲಿ ಮೂವತ್ತೆಂಟು ಇದ್ದದ್ದು ಐವತ್ನಾಲ್ಕಕ್ಕೆ ಏರಿತ್ತು. ಹುಬ್ಬಳ್ಳಿಯಲ್ಲಿ ಮಾಡಿಸಿದ ಇನ್ನೊಂದು ಪರೀಕ್ಷೆಯಲ್ಲಿ ಸ್ನಾಯುವಿನ ಮೇಲೆ ಒಂದು ಸಣ್ಣ ಗಾಯದ ಗುರುತು ಉಳಿದಿದೆ ಎಂದು ಬಂತು. ನಡೆಯಬಹುದು, ಸೈಕಲ್ ತುಳಿಯಬಹುದು, ಪಂದ್ಯದ ಓಟ ಬೇಡ ಎಂದರಂತೆ. ಇದನ್ನು ಸರ್‌ಗೆ ಹೇಳಿದವನು ಮೈಲಾರಿ. ನಾನು ಕಂಡದ್ದಲ್ಲ.

ಈಗ ನಾನಿರುವುದು ನದಾಫ್ ಸರ್ ಮನೆಯ ತಗಡಿನ ಪೆಟ್ಟಿಗೆಯಲ್ಲಿ. ಹೋದ ಏಪ್ರಿಲ್‌ನಲ್ಲಿ ನನ್ನ ಮುಖ್ಯ ಸ್ಪ್ರಿಂಗ್ ಮುರಿಯಿತು. ಈ ನಮೂನೆಯ ಸ್ಪ್ರಿಂಗ್ ಈಗ ಎಲ್ಲೂ ಸಿಗುವುದಿಲ್ಲ ಎಂದು ಅರ್ಕಸಾಲಿಯವರು ಕೈ ಮುಗಿದರು. ಮೈದಾನದಲ್ಲಿ ಈಗ ಬ್ಯಾಟರಿಯದೊಂದು ಇದೆ. ನನ್ನ ಕೆಳಗೆ ಮಡಿಸಿಟ್ಟ ಒಂದು ಕರೆಪತ್ರ ಇದೆ. ಅದರ ಮೇಲಿನ ಫೋಟೋದಲ್ಲಿ ಫಕ್ಕೀರೇಶ ನಗುತ್ತಿಲ್ಲ. ಸರ್ಕಾರದ ಫೋಟೋಗಳಲ್ಲಿ ಯಾರೂ ನಗುವುದಿಲ್ಲ.

ಮಲಗಿ ಯೋಚಿಸುವುದಕ್ಕೆ ನನಗೆ ಈಗ ಹೊತ್ತಿದೆ. ಹದಿನೇಳು, ಇಪ್ಪತ್ತು, ಇಪ್ಪತ್ತನಾಲ್ಕು, ಇಪ್ಪತ್ತೊಂಬತ್ತು. ನಾಲ್ಕು ಸಲ ನಾನು ಸರಿಯಾಗಿ ಹೇಳಿದೆ. ಮೊದಲ ಮೂರು ಸಲ ಅಲ್ಲಿದ್ದವರೆಲ್ಲ ಆ ಅಂಕಿಯನ್ನು ಕೇಳಿಸಿಕೊಂಡರು. ಸರಿ ಹೇಳಿದ್ದರಿಂದ ಏನಾಯಿತು ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ. ನನ್ನ ಮೇಲೆ ಅನುಮಾನ ಬಂದದ್ದರಿಂದಲೇ ಅವನು ಉಳಿದ ಎಂದೂ ಲೆಕ್ಕ ಹಾಕಬಹುದು. ಅದೂ ನನಗೆ ಅಷ್ಟೇನೂ ಹಿತವಾದ ಲೆಕ್ಕವಲ್ಲ.

ನನ್ನ ಕೊನೆಯ ಅಳತೆಗಳಲ್ಲಿ ಒಂದನ್ನು ಹೇಳಿ ಮುಗಿಸುತ್ತೇನೆ. ಮಾರ್ಚ್ ಎರಡು, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ, ಗುಂಡಿ ಮೊಬೈಲಿನ ಪ್ರಕಾರ. ಹುಡುಗರು ಓಟ ಮುಗಿಸಿ ಹೋಗಿದ್ದರು. ಫಕ್ಕೀರೇಶ ಸೈಕಲನ್ನು ಬೇವಿನ ಮರಕ್ಕೆ ಆನಿಸಿ, ಯಾರಿಗೂ ಏನೂ ಹೇಳದೆ ಸುಣ್ಣದ ಗೆರೆಗೆ ಬಂದು ನಿಂತ. ಕಾಲಲ್ಲಿ ಚಪ್ಪಲಿ ಇತ್ತು. ಅವನು ನಡೆಯತೊಡಗಿದಾಗ ಸರ್ ನನ್ನನ್ನು ಒತ್ತಿದರು. ಒಂದು ಸುತ್ತು, ನಾನೂರು ಮೀಟರು, ಐದು ನಿಮಿಷ ಹತ್ತು ಸೆಕೆಂಡು. ಮೊದಲು ಇಷ್ಟು ಹೊತ್ತಿನಲ್ಲಿ ಅವನು ನಾಲ್ಕನೇ ಸುತ್ತಿನ ಕೊನೆಯ ತಿರುವಿಗೆ ಬಂದಿರುತ್ತಿದ್ದ.

ಅವನು ಮರದ ಕೆಳಗೆ ಬಂದು ಕುಳಿತು ಕೈ ಚಾಚಿದ. ಬೆರಳಿಗೆ ಸೇವಂತಿಗೆಯ ವಾಸನೆ. ಸರ್ ಎಣಿಸಿದರು. ಇನ್ನೊಮ್ಮೆ ಎಣಿಸಿದರು.

"ಎಷ್ಟ್ರಿ?"

"ಇಪ್ಪತ್ಮೂರು."

"ವಾಚ್ ಸರಿ ಐತೇನ್ರಿ?"

"ಐತಿ."

ಅವನು ಸೈಕಲ್ ತೆಗೆದುಕೊಂಡು ಹೋದ. ಮರುದಿನ ಬರಲಿಲ್ಲ. ಅದರ ಮರುದಿನ ಬಂದ.